‘ನಮ್ಮ ಹುಡುಗಗ ಒಂದು ಛಲೋ ಪುಸ್ತಕ ಹೇಳ್ರಿ’: ಮಕ್ಕಳಿಗೆ ಹೊಸ ಪುಸ್ತಕ ಆರಿಸಿ ಕೊಡುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆ ನೀವು ಪುಸ್ತಕ ಓದುವವರು ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆಯಲ್ಲಿ ಕೇಳುತ್ತಾರೆ, ಚಿಗರಿ ಬಸ್ಸಿನಲ್ಲಿ ಕೇಳುತ್ತಾರೆ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ನಾವು ಬಾಯಿಗೆ ಬಂದದ್ದು ಹೇಳಿಬಿಡುತ್ತೇವೆ. ಪಂಚತಂತ್ರ, ತೆನಾಲಿ ರಾಮ, ಅಕ್ಬರ್-ಬೀರಬಲ್. ಕತೆಗಳೇನೋ ಒಳ್ಳೆಯವೇ. ಆದರೆ ಆ ಹುಡುಗನ ಮನೆಯಲ್ಲಿ ಆಗಲೇ ಎರಡು ಪಂಚತಂತ್ರ ಇರುತ್ತವೆ. ಎರಡೂ ಬರ್ತ್‌ಡೇಗೆ ಬಂದವು, ಎರಡನ್ನೂ ಯಾರೂ ತೆರೆದಿರುವುದಿಲ್ಲ.

ಕನ್ನಡದಲ್ಲಿ ಮಕ್ಕಳಿಗೆ ಅಂತ ಹೊಸ ಕತೆ, ಕಾದಂಬರಿ, ಚಿತ್ರಪುಸ್ತಕ ಬರುತ್ತಲೇ ಇವೆ. ಬಂದದ್ದು ಮಕ್ಕಳ ತನಕ ಹೋಗುತ್ತಿಲ್ಲ. ನಡುವೆ ನಿಂತು ‘ಇದು ನಿನಗೆ’ ಅಂತ ಕೈಗೆ ಕೊಡುವವರು ಕಡಿಮೆ. ಈ ಲೇಖನ ಹಾಗೆ ನಡುವೆ ನಿಲ್ಲಬಲ್ಲವರಿಗೆ: ಶಾಲೆಯ ಅಕ್ಕೋರು, ಸರ್, ಸೋದರಮಾವ, ಚಿಕ್ಕಮ್ಮ, ಪಿಯುಸಿ ಓದುವ ಅಕ್ಕ. ಶಾಲೆಯ ಪುಸ್ತಕದ ಕಪಾಟು ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿ ನಿಂತು ನೋಡಿದ್ದರಿಂದ ನಾನು ಹೇಳುವುದು ಇಷ್ಟು: ಪುಸ್ತಕದ ಹೆಸರು ಕಟ್ಟಕಡೆಗೆ ಬರಲಿ. ಅದಕ್ಕೂ ಮೊದಲು ಮಾಡುವ ಕೆಲಸ ಬಹಳ ಇದೆ.

1. ಮೊದಲು ಮಗುವಿನ ಜೊತೆ ಮಾತಾಡಿ

‘ನಿನಗೆ ಎಂಥ ಪುಸ್ತಕ ಇಷ್ಟ?’ ಅಂತ ಮಾತ್ರ ಕೇಳಬೇಡಿ. ‘ಗೊತ್ತಿಲ್ರಿ’ ಅನ್ನುತ್ತಾರೆ. ಇಲ್ಲ, ದೊಡ್ಡವರಿಗೆ ಖುಷಿ ಆಗುವ ಉತ್ತರ ಕೊಡುತ್ತಾರೆ: ‘ಸೈನ್ಸ್ ಪುಸ್ತಕ.’ ಪಕ್ಕದಲ್ಲಿ ಅಪ್ಪ ನಿಂತಿದ್ದರಂತೂ ಈ ಉತ್ತರ ಗ್ಯಾರಂಟಿ. ಅದಕ್ಕೇ ಅಪ್ಪ-ಅವ್ವನನ್ನು ಚಹಾಕ್ಕೆ ಕಳಿಸಿ, ಮಗುವನ್ನು ಬೇರೆಯಾಗಿ ಮಾತಾಡಿಸಿ.

ಕೇಳಬೇಕಾದ್ದು ಓದಿನ ಬಗ್ಗೆ ಅಲ್ಲ. ಶಾಲೆ ಬಿಟ್ಟ ಮೇಲೆ ಏನು ಮಾಡುತ್ತಿ? ಮೊಬೈಲ್ ಕೈಗೆ ಸಿಕ್ಕರೆ ಏನು ನೋಡುತ್ತಿ? ಗೆಳೆಯನಿಗೆ ಓಡಿ ಹೋಗಿ ಹೇಳಿದ ಸುದ್ದಿ ಯಾವುದು? ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಯಾಕೆ ಬಿಟ್ಟೆ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಐದನೇ ಕ್ಲಾಸಿನ ಒಬ್ಬ ಹುಡುಗ. ಕಪಾಟಿನ ಮುಂದೆ ಬರುತ್ತಾನೆ, ಮುಟ್ಟುವುದಿಲ್ಲ, ಹೋಗುತ್ತಾನೆ. ಮಾತು ಹೀಗೆ ನಡೆಯಿತು:

‘ಕಡೀಗೆ ಓದಿದ್ದು ಯಾವ ಪುಸ್ತಕಪಾ?’

‘ಯಾವೂ ಇಲ್ರೀ ಅಕ್ಕೋರ.’

‘ಮತ್ತ ಮೊಬೈಲ್‌ನಾಗ ಏನ್ ನೋಡ್ತಿ?’

‘ಜೆಸಿಬಿ ವಿಡಿಯೋ ನೋಡ್ತೀನ್ರಿ. ಬಾವಿ ತೋಡೋದು.’

‘ತೋಡಿದ್ರ ಒಳಗ ಏನ್ ಬರತೈತಿ?’

‘ಮೊದ್ಲ ಎರಿ ಮಣ್ಣು ಬರತೈತ್ರಿ. ಆಮ್ಯಾಲ ಗರಸು. ಆಮ್ಯಾಲ ಕಲ್ಲು ಹತ್ತತೈತಿ. ಕಲ್ಲಿನ ಕೆಳಗ ನೀರು.’

ಭೂಮಿಯ ಪದರ ಇಷ್ಟು ಚೆಂದ ಹೇಳುವವನನ್ನು ‘ಓದದ ಹುಡುಗ’ ಅಂತ ಬದಿಗಿಟ್ಟರೆ ಹೇಗೆ? ಅವನಿಗೆ ಬೇಕಾದದ್ದು ನೆಲ, ಕಲ್ಲು, ಹೂತುಹೋದ ಪ್ರಾಣಿ, ಯಂತ್ರ, ಸುರಂಗ. ಚಿತ್ರ ಜಾಸ್ತಿ, ಅಕ್ಷರ ಕಡಿಮೆ ಇರುವುದು. ರಾಜಕುಮಾರಿಯ ಕತೆ ಕೊಟ್ಟಿದ್ದರೆ ಅವನು ಅದನ್ನು ಚೀಲದಲ್ಲಿಟ್ಟು ವಾರ ಕಳೆದು ಹಾಗೇ ವಾಪಸ್ ತರುತ್ತಿದ್ದ.

ಹುಡುಗಿಯರಿಗೆ ಒಂದು ಬಗೆ, ಹುಡುಗರಿಗೆ ಒಂದು ಬಗೆ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಜೆಸಿಬಿ ನೋಡುವ ಹುಡುಗಿಯರೂ ಇದ್ದಾರೆ. ಅಡುಗೆ ಪುಸ್ತಕವನ್ನು ಮೂರು ಸಲ ಒಯ್ಯುವ ಹುಡುಗರೂ ಇದ್ದಾರೆ.

2. ಒಂದು ಪುಟ ಓದಿಸಿ, ಎಲ್ಲಿ ತಡೆಯುತ್ತದೆ ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಬೆರಳು ಮಡಚುವ ಒಂದು ಹಳೆಯ ಉಪಾಯ ಇದೆ. ಮಗು ಒಂದು ಪುಟ ಗಟ್ಟಿಯಾಗಿ ಓದಲಿ. ತಡವರಿಸಿದ ಪ್ರತಿ ಪದಕ್ಕೆ ಒಂದು ಬೆರಳು ಮಡಚಿ. ಐದೂ ಮಡಚಿದರೆ ಪುಸ್ತಕ ಸದ್ಯಕ್ಕೆ ಕಷ್ಟ. ಒಂದೂ ಮಡಚದಿದ್ದರೆ ಸಲೀಸು. ಎರಡು ಮೂರು ಬೆರಳಾದರೆ ಸರಿಹೊಂದುತ್ತದೆ. ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ಪುಸ್ತಕಗಳಿಗೆ. ಕನ್ನಡದಲ್ಲಿ ಎಷ್ಟು ಸಲ ತಡವರಿಸಿತು ಅನ್ನುವುದರ ಜೊತೆಗೆ ಯಾಕೆ ತಡವರಿಸಿತು ಅಂತಲೂ ನೋಡಬೇಕು. ಕಾರಣ ಎರಡು ಥರ ಇರುತ್ತದೆ.

ಒಂದು, ಅಕ್ಷರದ ತಡೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತದೆ. ಉದ್ದ ಪದ ಬಂದಲ್ಲಿ ಉಸಿರು ಕಟ್ಟುತ್ತದೆ. ‘ಅವನು ಮನೆಗೆ ಹೋಗಬೇಕೆಂದುಕೊಂಡಿದ್ದನಾದರೂ’ ಅನ್ನುವ ಸಾಲು ಎರಡನೇ ಕ್ಲಾಸಿನ ಮಗುವಿನ ಮುಂದೆ ಇಟ್ಟು ನೋಡಿ. ಆ ಕೊನೆಯ ಪದದ ತುದಿ ಮುಟ್ಟುವಷ್ಟರಲ್ಲಿ ಅದರ ತಲೆ ಮರೆತುಹೋಗಿರುತ್ತದೆ. ಅದೇ ಮಾತನ್ನು ‘ಅವನಿಗೆ ಮನೆಗೆ ಹೋಗುವ ಆಸೆ. ಆದರೂ ಹೋಗಲಿಲ್ಲ’ ಅಂತ ಬರೆದಿದ್ದರೆ ಮಗು ನಿಲ್ಲದೆ ಓದುತ್ತದೆ. ಎರಡೂ ಮಕ್ಕಳ ಪುಸ್ತಕ ಅಂತಲೇ ಮಾರಾಟ ಆಗುತ್ತವೆ. ಹಾಗಾಗಿ ಅಕ್ಷರದಲ್ಲಿ ತಡೆಯುವ ಮಗುವಿಗೆ ಪದ ಬಿಡಿಸಿ ಬರೆದ, ದಪ್ಪ ಅಕ್ಷರದ, ಸಾಲುಗಳ ನಡುವೆ ಜಾಗ ಇರುವ ಪುಸ್ತಕ ಹುಡುಕಿ. ಮಗುವಿನ ವಯಸ್ಸು ಹನ್ನೊಂದಿದ್ದರೂ ಇದೇ ಲೆಕ್ಕ. ಆದರೆ ಕತೆ ಹನ್ನೊಂದು ವರ್ಷದವರದ್ದೇ ಆಗಿರಲಿ. ಕಾಗೆ-ಗುಬ್ಬಿ ಕತೆ ಕೊಟ್ಟರೆ ಆ ಮಗುವಿಗೆ ಗೆಳೆಯರ ಮುಂದೆ ಮರ್ಯಾದೆ ಹೋದ ಹಾಗಾಗುತ್ತದೆ.

ಇನ್ನೊಂದು, ಅರ್ಥದ ತಡೆ. ಮಗು ಸರಾಗವಾಗಿ ಓದುತ್ತದೆ, ಆದರೆ ಏನು ಓದಿದೆ ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತದೆ. ನಮ್ಮ ಕಡೆ ಇದಕ್ಕೆ ಒಂದು ವಿಶೇಷ ಕಾರಣ ಇದೆ. ಮಕ್ಕಳ ಹೊಸ ಕಾದಂಬರಿಗಳಲ್ಲಿ ಮಲೆನಾಡು, ಕರಾವಳಿಯ ಕಡೆಯವರು ಬರೆದವು ಸಾಕಷ್ಟಿವೆ. ಅಲ್ಲಿ ಗದ್ದೆ, ಬೇಲಿ ದಾಟುವ ದಣಪೆ, ಅಡಿಕೆ ತೋಟ, ಹಳ್ಳ ದಾಟುವ ಸಂಕ ಬರುತ್ತವೆ. ನವಲಗುಂದದ ಎರೆ ಹೊಲದಲ್ಲಿ ಬೆಳೆದ ಮಗು ಸಂಕ ಎಲ್ಲಿ ನೋಡಬೇಕು? ಹಾಗಂತ ಕೊಡಬೇಡಿ ಅಂತಲ್ಲ. ಕೊಡುವಾಗ ಮೊದಲ ಅಧ್ಯಾಯ ಜೊತೆಗೆ ಕೂತು ಓದಿ, ಮೊಬೈಲ್‌ನಲ್ಲಿ ಒಂದು ಸಂಕದ ಫೋಟೊ ತೋರಿಸಿ. ಎರಡನೇ ಅಧ್ಯಾಯದಿಂದ ಮಗು ತಾನೇ ದಾಟಿಕೊಂಡು ಹೋಗುತ್ತದೆ.

ಮನೆಯವರಿಗೆ ಒಂದು ಮಾತು. ಅಂಗಿ ಕೊಳ್ಳುವಾಗ ಒಂದು ಸೈಜ್ ದೊಡ್ಡದು ಕೊಳ್ಳುತ್ತೀರಲ್ಲ, ಮುಂದಿನ ವರ್ಷಕ್ಕೂ ಬರಲಿ ಅಂತ? ಪುಸ್ತಕಕ್ಕೆ ಆ ಲೆಕ್ಕ ನಡೆಯುವುದಿಲ್ಲ.

3. ಮಟ್ಟ ಗೊತ್ತಾಗಲು ಒಂದು ಅಳತೆ

ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಪುಸ್ತಕಗಳನ್ನು ನಾಲ್ಕು ಮಟ್ಟಕ್ಕೆ ಹಂಚಿದೆ. ಅವರ ಸ್ಟೋರಿವೀವರ್ ಜಾಲತಾಣದಲ್ಲಿ ಕತೆ ಎಷ್ಟು ಉದ್ದ ಅನ್ನುವ ಲೆಕ್ಕ ಸುಮಾರಾಗಿ ಹೀಗಿದೆ: ಒಂದನೇ ಮಟ್ಟಕ್ಕೆ 250 ಪದದ ಒಳಗೆ, ಎರಡನೆಯದಕ್ಕೆ 600ರ ತನಕ, ಮೂರನೆಯದಕ್ಕೆ 1500ರ ತನಕ, ನಾಲ್ಕನೆಯದು ಅದಕ್ಕೂ ಮೇಲೆ. ಪದದ ಲೆಕ್ಕದ ಜೊತೆ ವಾಕ್ಯ ಎಷ್ಟು ಸರಳ, ಕತೆ ಎಷ್ಟು ತಿರುವು ಅನ್ನುವುದೂ ಸೇರಿದೆ.

ಇದು ಕ್ಲಾಸಿನ ನಂಬರ್ ಅಲ್ಲ ಅಂತ ನೆನಪಿರಲಿ. ಆರನೇ ಕ್ಲಾಸಿನವರು ಎರಡನೇ ಮಟ್ಟದಲ್ಲಿ ಇರಬಹುದು. ಆ ನಂಬರನ್ನು ಮಗುವಿಗೆ ಹೇಳಲೂ ಬೇಡಿ. ಹೇಳಿದರೆ ‘ಅವನದು ಮೂರು, ನಂದು ಎರಡು’ ಅಂತ ಅದೂ ಒಂದು ಮಾರ್ಕ್ಸ್ ಕಾರ್ಡ್ ಆಗಿಬಿಡುತ್ತದೆ.

4. ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿ

ಅಂಗಡಿಯಲ್ಲಿ ಮುಖಪುಟ ನೋಡಿ ಕೊಳ್ಳುವವರೇ ಜಾಸ್ತಿ. ನೀವು ಮೊದಲು ಒಳಗಿನ ಎರಡನೇ ಪುಟ ತೆರೆಯಿರಿ, ಆ ಸಣ್ಣ ಅಕ್ಷರದ ಪುಟ. ಮೊದಲ ಮುದ್ರಣ ಯಾವ ವರ್ಷ? ಹೊಸ ಮುಖಪುಟ ಹಾಕಿದ ಮೂವತ್ತು ವರ್ಷದ ಹಿಂದಿನ ಪುಸ್ತಕವೇ? ಹಳೆಯದಾದರೆ ಕೆಟ್ಟದ್ದು ಅಂತಲ್ಲ, ನಿಮಗೆ ಗೊತ್ತಿರಲಿ ಅಷ್ಟೇ. ಚಿತ್ರ ಬರೆದವರ ಹೆಸರು ಇದೆಯೇ? ಅನುವಾದವಾಗಿದ್ದರೆ ಅನುವಾದಕರ ಹೆಸರು ಇದೆಯೇ? ಚಿತ್ರಕಾರರ ಹೆಸರೇ ಇಲ್ಲದೆ, ಎಲ್ಲಿಂದಲೋ ತಂದು ಅಂಟಿಸಿದ ಚಿತ್ರ ಇರುವ ಪುಸ್ತಕಗಳು ರಾಶಿ ಇವೆ. ಅವುಗಳಲ್ಲಿ ಪುಟ 6ರಲ್ಲಿ ಕೆಂಪು ಅಂಗಿ ಹಾಕಿದ ಹುಡುಗ ಪುಟ 8ರಲ್ಲಿ ಹಸಿರು ಅಂಗಿಯಲ್ಲಿ ಇರುತ್ತಾನೆ. ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ, ಮಕ್ಕಳು ತಕ್ಷಣ ಹಿಡಿಯುತ್ತಾರೆ.

ಆಮೇಲೆ ಮೊದಲ ಪುಟ ಓದಿ. ಏನಾದರೂ ನಡೆಯುತ್ತಿದೆಯೇ, ಇಲ್ಲ ಲೇಖಕರು ಬುದ್ಧಿ ಹೇಳಲು ಕೂತಿದ್ದಾರೆಯೇ? ಕೊನೆಯ ಪುಟಕ್ಕೂ ಹೋಗಿ. ‘ಈ ಕತೆಯ ನೀತಿ’ ಅಂತ ಚೌಕದಲ್ಲಿ ಬರೆದಿದ್ದರೆ ನಾನು ಪುಸ್ತಕವನ್ನು ಒಂದು ಸಲ ಅನುಮಾನದಿಂದ ನೋಡುತ್ತೇನೆ. ಕತೆ ಚೆನ್ನಾಗಿದ್ದರೆ ಆ ಚೌಕ ಯಾಕೆ ಬೇಕಿತ್ತು? ಮಕ್ಕಳು ಅದನ್ನು ಓದುವುದೂ ಇಲ್ಲ ಬಿಡಿ.

ಬೈಂಡಿಂಗ್ ನೋಡಿ. ಸಣ್ಣ ಮಕ್ಕಳ ಪುಸ್ತಕಕ್ಕೆ ನಡುವೆ ಪಿನ್ ಹೊಡೆದದ್ದು ಗಮ್ ಹಾಕಿದ್ದಕ್ಕಿಂತ ಬಾಳಿಕೆ ಬರುತ್ತದೆ. ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ನೆಲದ ಮೇಲೆ ಹರವಿಟ್ಟು ನಾಲ್ಕು ಜನ ಸುತ್ತ ಕೂತು ನೋಡಬಹುದು.

5. ನೀವು ಓದದ ಪುಸ್ತಕ ಹೇಳಬೇಡಿ

ಮಕ್ಕಳ ಪುಸ್ತಕ ಓದಲು ಅರ್ಧ ಗಂಟೆ ಸಾಕು. ಚಿತ್ರಪುಸ್ತಕಕ್ಕೆ ಹತ್ತು ನಿಮಿಷ. ಅಷ್ಟೂ ಮಾಡದೆ ‘ಭಾಳ ಛಲೋ ಐತಿ’ ಅಂದರೆ ಮಗು ಒಂದು ಪ್ರಶ್ನೆಯಲ್ಲೇ ನಿಮ್ಮನ್ನು ಹಿಡಿದುಹಾಕುತ್ತದೆ.

6. ಹೊಸದು ಬಂದದ್ದು ಎಲ್ಲಿ ಗೊತ್ತಾಗುತ್ತದೆ

ಪ್ರಶಸ್ತಿಯ ಪಟ್ಟಿ ಒಂದು ದಾರಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಬಂದ ಇತ್ತೀಚಿನವು ಇವು: 2021ರಲ್ಲಿ ನಮ್ಮ ಧಾರವಾಡದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳ ಅವರ ‘ನೋಟ್‌ಬುಕ್’. ಮೊದಲ ಮೂರು ಕಾದಂಬರಿ, ಕೊನೆಯ ಎರಡು ಕತೆಗಳು. ಯಾರಾದರೂ ‘ಹೊಸದು ಹೇಳ್ರಿ’ ಅಂದಾಗ ಈ ಐದು ಹೆಸರು ನಾಲಿಗೆಯ ಮೇಲೆ ಇದ್ದರೆ ಪಂಚತಂತ್ರಕ್ಕೆ ಓಡುವುದು ತಪ್ಪುತ್ತದೆ. ಆದರೆ ಪ್ರಶಸ್ತಿ ಕೊಡುವವರು ದೊಡ್ಡವರು, ಓದುವವರು ಮಕ್ಕಳು. ಯಾವ ವಯಸ್ಸಿಗೆ ಅಂತ ಪಟ್ಟಿ ಹೇಳುವುದಿಲ್ಲ. ಎರಡನೇ ಹೆಜ್ಜೆಯ ಬೆರಳಿನ ಪರೀಕ್ಷೆ ಇಲ್ಲೂ ಬೇಕು.

ಅಂಗಡಿಗಳ ವಿಷಯಕ್ಕೆ ಬಂದರೆ ನಮ್ಮ ಅವಳಿ ನಗರ ಪುಣ್ಯ ಮಾಡಿದೆ. ಧಾರವಾಡದ ಸುಭಾಸ ರಸ್ತೆಯಲ್ಲಿ 1933ರಿಂದ ನಡೆದು ಬಂದ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಅಲ್ಲಿ ದೊಡ್ಡವರ ಪುಸ್ತಕ ಜಾಸ್ತಿ, ಹೈಸ್ಕೂಲ್ ಮುಗಿಸಿದವರನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ. ಧಾರವಾಡದ ಸಮಾಜ ಪುಸ್ತಕಾಲಯ, ಹುಬ್ಬಳ್ಳಿಯ ಸಾಹಿತ್ಯ ಪ್ರಕಾಶನ ಇವೆ. ಹುಬ್ಬಳ್ಳಿಯ ಸಪ್ನಾದಲ್ಲಿ ಬೇರೆ ಬೇರೆ ಪ್ರಕಾಶಕರದ್ದು ಒಂದೇ ಕಡೆ ನೋಡಬಹುದು. ಹೋದಾಗ ‘ಮಕ್ಕಳ ಪುಸ್ತಕ ಎಲ್ಲಿವೆ?’ ಅಂತ ಕೇಳುವುದಕ್ಕಿಂತ ‘ಈ ವರ್ಷ ಬಂದ ಮಕ್ಕಳ ಪುಸ್ತಕ ತೋರಿಸ್ರಿ’ ಅಂತ ಕೇಳಿ. ಇಲ್ಲ ಅಂದರೆ ಹೆಸರು ಬರೆದುಕೊಟ್ಟು ತರಿಸಲು ಹೇಳಿ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಅಂಗಡಿಯವರೂ ತರಿಸುತ್ತಾರೆ.

ಧಾರವಾಡದಲ್ಲೇ ಕರ್ನಾಟಕ ಬಾಲವಿಕಾಸ ಅಕಾಡೆಮಿಯ ಕಚೇರಿ ಇದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಪುಸ್ತಕ ಬಿಡುಗಡೆಗಳು ನಡೆಯುತ್ತಲೇ ಇರುತ್ತವೆ. ಮಕ್ಕಳ ಪುಸ್ತಕದ ಬಿಡುಗಡೆ ಇದ್ದರೆ ಮಗುವನ್ನೂ ಕರೆದೊಯ್ಯಿರಿ. ಭಾಷಣದ ಹೊತ್ತಿಗೆ ಹೊರಗೆ ಆಡಲು ಬಿಟ್ಟು, ಸಹಿ ಹಾಕಿಸುವ ಹೊತ್ತಿಗೆ ಒಳಗೆ ಕರೆದರೆ ಎಲ್ಲರಿಗೂ ಒಳ್ಳೆಯದು.

ಕಡಿಮೆ ಬೆಲೆಗೆ ಬೇಕಿದ್ದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆ ನೋಡಿ. ನವೆಂಬರಿನಲ್ಲಿ ಕೆಲವು ಪ್ರಕಾಶಕರು, ಅಂಗಡಿಯವರು ರಾಜ್ಯೋತ್ಸವದ ರಿಯಾಯಿತಿ ಕೊಡುತ್ತಾರೆ. ಶಾಲೆಗೆ ಒಟ್ಟಿಗೆ ಕೊಳ್ಳುವವರು ಅಲ್ಲಿ ತನಕ ಕಾಯಬಹುದು.

ದುಡ್ಡೇ ಬೇಡ ಅಂದರೆ ಗ್ರಂಥಾಲಯ. ‘ಬೇಡ’ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯದ ಕರ ಕಟ್ಟುತ್ತೇವೆ, ರೂಪಾಯಿಗೆ 6 ಪೈಸೆ. ಮನೆಯ ತೆರಿಗೆ ರಸೀದಿ ತೆಗೆದು ನೋಡಿ, ಅಲ್ಲೇ ಬರೆದಿರುತ್ತದೆ. ಕಟ್ಟಿದ ಮೇಲೆ ಉಪಯೋಗಿಸದೆ ಬಿಡುವುದು ಯಾಕೆ? ಗದಗ, ಹಾವೇರಿಯ ಹಳ್ಳಿಗಳಲ್ಲಿ ಇರುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಹೋಗಿ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಕೆಲವು ಕಡೆ ಕಪಾಟಿಗೆ ಬೀಗ ಇರುತ್ತದೆ. ಕೇಳಿ ತೆಗೆಸಬೇಕು. ಪುಸ್ತಕ ಹರಿದುಹೋದೀತು ಅಂತ ಬೀಗ ಹಾಕುವವರಿಗೆ ನಯವಾಗಿ ಹೇಳಿ, ಹರಿಯುವಷ್ಟು ಓದಿಸಿಕೊಳ್ಳಲು ಪುಸ್ತಕಕ್ಕೂ ಯೋಗ ಬೇಕು ಅಂತ.

ಫೋನಿನಲ್ಲಿ ಓದಿಸುವುದಾದರೆ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಬೇಕಾದಷ್ಟಿವೆ. ಅವು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಪ್ರಿಂಟ್ ತೆಗೆದು ಹಂಚಬಹುದು. ಝೆರಾಕ್ಸ್ ಅಂಗಡಿಯಲ್ಲಿ ಎರಡೂ ಕಡೆ ಪ್ರಿಂಟ್ ಹಾಕಿಸಿ, ನಡುವೆ ಪಿನ್ ಹೊಡೆದರೆ ಪುಸ್ತಕ ತಯಾರು. ಉರ್ದು, ಮರಾಠಿ ಮಾತಾಡುವ ಮನೆಯ ಮಕ್ಕಳಿಗೆ ಅದೇ ಕತೆ ಆ ಭಾಷೆಯಲ್ಲೂ ಸಿಗುವ ಸಾಧ್ಯತೆ ಇದೆ, ಹುಡುಕಿ ನೋಡಿ. ಹಳೇ ಹುಬ್ಬಳ್ಳಿಯ ಕಡೆ ಕಲಿಸುವ ಶಿಕ್ಷಕರಿಗೆ ಇದು ಬಹಳ ಉಪಯೋಗ.

7. ಒಂದಲ್ಲ, ಮೂರು ಮುಂದಿಡಿ

ಒಂದೇ ಪುಸ್ತಕ ಕೊಟ್ಟರೆ ಅದು ಹೋಮ್‌ವರ್ಕ್. ಮೂರು ಇಟ್ಟರೆ ಆಯ್ಕೆ. ಒಂದು ಸಲೀಸಾದದ್ದು, ಒಂದು ಮಟ್ಟಕ್ಕೆ ಸರಿಯಾದದ್ದು, ಒಂದು ಮಗು ಕೇಳದೇ ಇದ್ದದ್ದು. ಈ ಮೂರನೆಯದೇ ಮಜಾ. ಕ್ರಿಕೆಟ್ ಹುಚ್ಚಿನವನ ಮುಂದೆ ಹಕ್ಕಿಯ ಪುಸ್ತಕ ಇಡಿ. ಎತ್ತಿಕೊಂಡರೆ ಎತ್ತಿಕೊಂಡ, ಇಲ್ಲದಿದ್ದರೆ ಇಲ್ಲ.

ಪುಸ್ತಕ ಹೇಗಿದೆ ಅಂತ ಹೊಗಳಬೇಡಿ. ಮೊದಲ ಗಂಟಿನ ತನಕ ಕತೆ ಹೇಳಿ, ಗಂಟು ಬಿಚ್ಚುವ ಮೊದಲು ನಿಲ್ಲಿಸಿ. ‘ಆ ಹುಡುಗಿ ಮನಿಗೆ ಬರತಾಳ, ಬಾಗಲಾ ತೆಗದೈತಿ. ಒಳಗ ಹೋಗಿ ನೋಡಿದ್ರ ಅಜ್ಜನ ಚಪ್ಪಲ್ ಅಷ್ಟ ಅದಾವು...’ ಅಂದು ಪುಸ್ತಕ ಮುಚ್ಚಿ ಟೇಬಲ್ ಮೇಲಿಡಿ. ‘ಆಮ್ಯಾಲ?’ ಅಂತ ಕೇಳಿದರೆ ‘ಅದರಾಗ ಐತಿ ನೋಡು’ ಅನ್ನಿ. ಇಷ್ಟು ಸಾಕು.

ಹೇಳುವುದು, ಓದಿ ತೋರಿಸುವುದು ನಮ್ಮ ಮಾತಿನಲ್ಲೇ ಇರಲಿ. ಪುಸ್ತಕದಲ್ಲಿ ‘ಅವಳು ಓಡುತ್ತಾ ಬಂದಳು’ ಅಂತ ಇದ್ದರೆ ಸಣ್ಣ ಮಕ್ಕಳಿಗೆ ‘ಆಕಿ ಓಡಿಕೋತ ಬಂದ್ಲು’ ಅಂತ ಓದಿ. ಕೆಲವು ಹಿರಿಯರು ಇದನ್ನು ಒಪ್ಪುವುದಿಲ್ಲ, ಭಾಷೆ ಕೆಡುತ್ತದೆ ಅನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ಕತೆ ಮನೆಯ ಮಾತಿನಲ್ಲಿ ಕಿವಿಗೆ ಬಿದ್ದ ಮೇಲೆ ಅದೇ ಪುಟವನ್ನು ಮಗು ಅಚ್ಚಿನ ಕನ್ನಡದಲ್ಲಿ ತಾನೇ ಓದುತ್ತದೆ. ಏನಾಗುತ್ತದೆ ಅಂತ ಗೊತ್ತಿದ್ದರೆ ಅಕ್ಷರಕ್ಕೆ ಹೆದರುವುದಿಲ್ಲ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಇದೇ ದಾರಿ ಒಳ್ಳೆಯದು. ಅವರಿಗೆ ಕನ್ನಡ ಮಾತು ಬರುತ್ತದೆ, ಓದಲು ಕೈಕಾಲು ನಡುಗುತ್ತದೆ. ಎಡಕ್ಕೆ ಕನ್ನಡ ಬಲಕ್ಕೆ ಇಂಗ್ಲಿಷ್ ಇರುವ ದ್ವಿಭಾಷಾ ಚಿತ್ರಪುಸ್ತಕ ಹುಡುಕಿ. ಚೆನ್ನೈನ ತೂಲಿಕಾ ಪ್ರಕಾಶನ ಅಂಥವನ್ನು ತರುತ್ತದೆ. ಒಂದು ಪುಟ ನೀವು, ಒಂದು ಪುಟ ಮಗು.

8. ಹದಿಮೂರು ದಾಟಿದವರು

ಇಲ್ಲಿ ಕಷ್ಟ. ಸಣ್ಣ ಮಕ್ಕಳಿಗೆ ಕನ್ನಡದಲ್ಲಿ ಆಯ್ಕೆ ಇದೆ, ದೊಡ್ಡವರಿಗೆ ಇದೆ. ಎಂಟನೇ ಕ್ಲಾಸಿನಿಂದ ಪಿಯುಸಿ ತನಕದವರಿಗೆ ಅಂತಲೇ ಬರೆದದ್ದು ಕಡಿಮೆ. ಮಕ್ಕಳ ಕಪಾಟಿನ ಮುಂದೆ ನಿಲ್ಲಲು ಅವರಿಗೆ ನಾಚಿಕೆ, ದೊಡ್ಡವರ ಕಾದಂಬರಿ ಹಿಡಿದರೆ ಮೊದಲ ಐವತ್ತು ಪುಟ ಏನೂ ನಡೆಯುವುದಿಲ್ಲ. ಹೀಗೆ ನಡುವೆ ಸಿಕ್ಕಿಕೊಂಡವರೇ ಮುಂದೆ ಓದುವುದನ್ನೇ ಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಬಂದರೆ ಮನೆಯವರೂ ‘ಈಗ ಕತಿ ಪುಸ್ತಕ ಬ್ಯಾಡ’ ಅನ್ನುತ್ತಾರೆ.

ಅವರಿಗೆ ಸಣ್ಣ ಕತೆಗಳಿಂದ ಶುರು ಮಾಡಿಸಿ. ಒಂದು ಕತೆ ಒಂದು ಸಂಜೆಗೆ ಮುಗಿಯಬೇಕು. ಪ್ರವಾಸ ಕಥನ, ಕಾಡಿನ ಅನುಭವ, ಆತ್ಮಕತೆಯ ಬಿಡಿ ಅಧ್ಯಾಯ, ಪತ್ತೇದಾರಿ, ಕಾಮಿಕ್ಸ್ ಯಾವುದೂ ಆಗಬಹುದು. ಕಾಮಿಕ್ಸ್ ಓದಿದರೆ ಓದು ಅಲ್ಲ ಅನ್ನುವವರ ಜೊತೆ ವಾದಕ್ಕೆ ಇಳಿಯಬೇಡಿ, ಸುಮ್ನೆ ಇನ್ನೊಂದು ಕಾಮಿಕ್ಸ್ ಕೊಡಿ.

ಈ ವಯಸ್ಸಿನವರಿಗೆ ಎಲ್ಲರ ಮುಂದೆ ಪುಸ್ತಕ ಹೇಳಬಾರದು. ಮೈ ಬದಲಾಗುವುದು, ಮನೆಯ ಜಗಳ, ಸಾವು, ಪರೀಕ್ಷೆಯ ಭಯ ಇಂಥದ್ದು ಇರುವ ಪುಸ್ತಕವನ್ನಂತೂ ಒಬ್ಬರೇ ಇದ್ದಾಗ ಕೊಡಿ. ‘ನಿನಗ ಬೇಕಾಗಬಹುದು’ ಅನ್ನಬೇಡಿ, ‘ನನಗ ಸೇರಿತು’ ಅನ್ನಿ. ಓದಿದ ಮೇಲೆ ಏನು ಕಲಿತೆ ಅಂತ ಕೇಳಬೇಡಿ. ಅವರೇ ಮಾತು ತೆಗೆದರೆ ಕೇಳಿಸಿಕೊಳ್ಳಿ.

ಮನೆಯವರಿಗೆ ಮುಚ್ಚಿಡುವ ಪುಸ್ತಕ ಕೊಡಬೇಡಿ ಅಂತಲೂ ಹೇಳುತ್ತೇನೆ. ಏನಿದೆ ಅಂತ ಅವ್ವನಿಗೆ ಒಂದು ಮಾತು ಹೇಳಿದ್ದರೆ, ನಾಳೆ ಯಾರೋ ಪುಟ ತೆರೆದು ಗಲಾಟೆ ಮಾಡಿದಾಗ ಅವರೇ ನಿಮ್ಮ ಪರ ನಿಲ್ಲುತ್ತಾರೆ.

9. ಪುಸ್ತಕ ಹಿಡಿದು ಹೊರಗೆ ಹೋಗಿ

ಮಾಹಿತಿ ಪುಸ್ತಕ ಕೊಡುವಾಗ ನಮ್ಮ ಸುತ್ತಲೇ ನೋಡಬಹುದಾದ್ದನ್ನು ಜೋಡಿಸಿ. ಹಕ್ಕಿಯ ಪುಸ್ತಕ ಓದಿದ ಮಗುವನ್ನು ಚಳಿಗಾಲದಲ್ಲಿ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಪ್ರಾಣಿಗಳ ಪುಸ್ತಕಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. ರೈಲಿನ ಪುಸ್ತಕಕ್ಕೆ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯ, ಜೊತೆಗೆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್. ಈ ತುದಿಯಿಂದ ಆ ತುದಿಗೆ ನಡೆಸಿದರೆ ಒಂದೂವರೆ ಕಿಲೋಮೀಟರ್ ಅಂದರೆ ಎಷ್ಟು ಅಂತ ಕಾಲಿಗೇ ಗೊತ್ತಾಗುತ್ತದೆ. ವಿಜ್ಞಾನಕ್ಕೆ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ.

ವಾಪಸ್ ಬಂದ ಮೇಲೆ ಅದೇ ವಿಷಯದ ಎರಡನೇ ಪುಸ್ತಕ ಮುಂದಿಡಿ. ಮೊದಲನೆಯದಕ್ಕಿಂತ ಸ್ವಲ್ಪ ದಪ್ಪದ್ದು ನಡೆಯುತ್ತದೆ.

10. ಬಿಟ್ಟದ್ದನ್ನೂ ಬರೆದಿಡಿ

ಅರ್ಧಕ್ಕೆ ಬಿಡಲು ಬಿಡಿ. ನಾವೂ ಬಿಡುತ್ತೇವೆ, ಅಲ್ವಾ? ‘ಕೊಟ್ಟ ಮ್ಯಾಲ ಮುಗಸಲೇಬೇಕು’ ಅಂದರೆ ಮುಂದಿನ ಸಲ ಮಗು ನಿಮ್ಮ ಹತ್ತಿರ ಬರುವುದೇ ಇಲ್ಲ.

ಒಂದು ನೂರು ಪುಟದ ನೋಟ್‌ಬುಕ್ ಇಡಿ. ಎಡಕ್ಕೆ ಮಗುವಿನ ಹೆಸರು, ನಡುವೆ ಪುಸ್ತಕ, ಬಲಕ್ಕೆ ಮಗು ಹೇಳಿದ್ದು ಒಂದೇ ಸಾಲು, ಅದರ ಮಾತಿನಲ್ಲೇ: ‘ನಾಯಿ ಸತ್ತಿದ್ದು ಸೇರಲಿಲ್ಲ.’ ‘ಇಂಥಾದ್ದು ಇನ್ನೊಂದು ಬೇಕು.’ ‘ಚಿತ್ರ ಅಷ್ಟ ನೋಡಿನಿ.’ ಬಿಟ್ಟಿದ್ದರೆ ಯಾವ ಪುಟದಲ್ಲಿ ಅಂತ ಬರೆಯಿರಿ. ಮುಂದಿನ ಸಲ ಯಾವ ಮೂರು ಮುಂದಿಡಬೇಕು ಅನ್ನುವುದು ಆ ಸಾಲಿನಿಂದಲೇ ಗೊತ್ತಾಗುತ್ತದೆ. ಕೆಲವು ತಿಂಗಳಾದ ಮೇಲೆ ನೋಟ್‌ಬುಕ್ ತಿರುವಿದರೆ ಇನ್ನೊಂದೂ ಕಾಣುತ್ತದೆ. ಒಂದೇ ಪುಸ್ತಕವನ್ನು ಬೇರೆ ಬೇರೆ ಮಕ್ಕಳು ಒಂದೇ ಪುಟದ ಆಸುಪಾಸಿನಲ್ಲಿ ಬಿಟ್ಟಿರುತ್ತಾರೆ. ಆ ಪುಟ ತೆರೆದು ನೀವೇ ಓದಿ ನೋಡಿ. ಬಹಳ ಸಲ ಅಲ್ಲಿ ಕತೆ ನಿಂತು ಉಪದೇಶ ಶುರುವಾಗಿರುತ್ತದೆ, ಇಲ್ಲ ಒಮ್ಮೆಲೇ ಆರು ಹೊಸ ಪಾತ್ರ ಬಂದಿರುತ್ತವೆ. ಉಪದೇಶದ್ದಾದರೆ ಆ ಪುಸ್ತಕ ಹೇಳುವುದನ್ನು ನಿಲ್ಲಿಸಿ. ಪಾತ್ರ ಜಾಸ್ತಿ ಆದದ್ದಾದರೆ ಮೇಲಿನ ಸಾಲಿಗೆ ಇಟ್ಟು, ಎರಡು ವರ್ಷ ದೊಡ್ಡವರಿಗೆ ತೋರಿಸಿ.